ಪಂಪ್ ಶೆಡ್ಡಿನ ಬೀಗದ ಕೈ

ಪುತ್ತೂರು, ಸುಳ್ಯ, ಕಡಬದ ಕಡೆ ಕರೆಂಟಿನ ಬಗ್ಗೆ ಮಾತಾಡುವಾಗ ಜನ ಬಳಸುವುದು ನೆಂಟರಿಗೆ ಬಳಸುವ ಮಾತುಗಳನ್ನೇ. ಬಂತು, ಹೋಯಿತು, ಬಂದ ಹಾಗೆ ಮಾಡಿ ಹೋಯಿತು, ಇನ್ನು ಇವತ್ತು ಬರುವುದಿಲ್ಲ. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ಈ ನೆಂಟನನ್ನು ನಂಬಿ ಯಾರೂ ಕೆಲಸ ಇಟ್ಟುಕೊಳ್ಳುವುದಿಲ್ಲ. ಕಾಡು, ರಬ್ಬರ್ ತೋಟ, ಗುಡ್ಡದ ಓರೆ ಹಾದು ಬರುವ ಲೈನಿನ ಮೇಲೆ ಎಲ್ಲೋ ಒಂದು ಮರ ಬೀಳುತ್ತದೆ; ಮೆಸ್ಕಾಂನ ಪವರ್‌ಮ್ಯಾನ್ ಅದು ಯಾವ ಮರವೆಂದು ಹುಡುಕಿಕೊಂಡು ಮಳೆಯಲ್ಲೇ ನಡೆಯುತ್ತಾರೆ. ಸುಳ್ಯಕ್ಕೆ 110 ಕೆವಿ ಸಬ್‌ಸ್ಟೇಷನ್ ಬೇಕೆಂಬ ಕೂಗು ಬಹಳ ವರ್ಷ ಹಳೆಯದು. ಹೀಗೆ ಹೇಳದೆ ಬಂದು ಹೇಳದೆ ಹೋಗುವ ನೆಂಟನಿಗಾಗಿ ಅಡಿಕೆ ತೋಟದವರು ಒಂದು ಉಪಾಯ ಕಂಡುಕೊಂಡರು. ಪಂಪಿಗೆ ಬೇಕಾದ ತ್ರೀ ಫೇಸ್ ನಡುರಾತ್ರಿ ಬಂದರೆ ಟಾರ್ಚ್ ಹಿಡಿದು, ಹಾವು ತುಳಿಯದ ಹಾಗೆ ಹೆಜ್ಜೆ ಇಟ್ಟು, ಪಂಪ್ ಶೆಡ್ಡಿಗೆ ಇಳಿಯಬೇಕಿತ್ತು. ಆಟೋ ಸ್ಟಾರ್ಟರ್ ಬಂದ ಮೇಲೆ ಆ ಇಳಿಯುವುದು ತಪ್ಪಿತು. ಕರೆಂಟು ಬಂದ ಕೂಡಲೇ ಪಂಪ್ ತಾನಾಗಿ ಏಳುತ್ತದೆ, ಹೋದ ಕೂಡಲೇ ಮಲಗುತ್ತದೆ. ಮನೆಯವರು ಮಲಗಿಯೇ ಇರಬಹುದು.

ಈಗ ಅದೇ ಮನೆಗಳಲ್ಲಿ ಇನ್ನೊಂದು ಯಂತ್ರಕ್ಕೂ ಆಟೋ ಸ್ಟಾರ್ಟರ್ ಬೇಕಾಗಿದೆ. 2020ರ ಮಾರ್ಚ್‌ನಲ್ಲಿ ದೇಶಕ್ಕೆ ಬೀಗ ಬಿದ್ದಾಗ ಬೆಂಗಳೂರಿನ ಐಟಿ ಹುಡುಗರು ಮನೆಗೆ ಬಂದರು. ಕಚೇರಿಯ ಕಂಪ್ಯೂಟರ್ ಬೆಂಗಳೂರಿನಲ್ಲೇ ಉಳಿಯಿತು. ಅದರೊಳಗೆ ಇಲ್ಲಿಂದಲೇ ಕೈ ಹಾಕುವುದನ್ನು ಎಲ್ಲರೂ ಕಲಿತರು. ಆಮೇಲೆ ಅವರು ಮರಳಿ ಹೋದರು, ಕಲಿತದ್ದು ತಿರುಗುಮುರುಗಾಯಿತು: ಈಗ ಊರಿನ ಮನೆಯ ಕಂಪ್ಯೂಟರಿಗೆ ಬೆಂಗಳೂರಿನಿಂದ, ದುಬೈಯಿಂದ ಕೈ ಹಾಕುತ್ತಾರೆ. ಅಂಗಳದ ಸಿಸಿಟಿವಿ ನೋಡುವುದಕ್ಕೆ, ಅಪ್ಪನಿಗೆ ತೆರೆಯಲಾಗದ ಫೈಲು ತೆರೆದುಕೊಡುವುದಕ್ಕೆ, ಅಂಗಡಿಯ ಲೆಕ್ಕ ನೋಡುವುದಕ್ಕೆ. ಕರೆಂಟು ಹೋಗಿ ಬಂದ ಮೇಲೆ ಆ ಕಂಪ್ಯೂಟರ್ ಪಾಸ್‌ವರ್ಡ್ ಕೇಳುವ ಪರದೆಯ ಮುಂದೆ ನಿಂತುಬಿಡುತ್ತದೆ. ಅಲ್ಲಿ ನಿಲ್ಲದೆ ತಾನೇ ಒಳಗೆ ಹೋಗಲಿ ಎಂದು ಏರ್ಪಾಡು ಮಾಡುವುದೇ ಆಟೋ ಲಾಗಿನ್. ಹತ್ತು ನಿಮಿಷದ ಕೆಲಸ. ಪಂಪಿಗೆ ಮಾಡಿದ್ದನ್ನು ಕಂಪ್ಯೂಟರಿಗೆ ಮಾಡಿದರೆ ತಪ್ಪೇನು ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ತಪ್ಪು ಹೋಲಿಕೆಯಲ್ಲಿದೆ ಎಂಬುದು ನನ್ನ ವಾದ. ಆಟೋ ಸ್ಟಾರ್ಟರ್ ಪಂಪನ್ನು ಎಬ್ಬಿಸುತ್ತದೆ, ಪಂಪ್ ಶೆಡ್ಡಿನ ಬಾಗಿಲನ್ನು ತೆರೆಯುವುದಿಲ್ಲ. ಶೆಡ್ಡಿಗೆ ಬೀಗ ಹಾಕಿಯೇ ಇದ್ದರೂ ಒಳಗೆ ಮೋಟಾರು ಓಡುತ್ತದೆ, ನೀರು ತೋಟಕ್ಕೆ ಹರಿಯುತ್ತದೆ. ಆಟೋ ಲಾಗಿನ್ ಹಾಗಲ್ಲ. ಅದು ಯಂತ್ರವನ್ನು ಎಬ್ಬಿಸುವ ಹೆಸರಿನಲ್ಲಿ ಮನೆಯ ಬಾಗಿಲನ್ನೂ ಹಾರುಹೊಡೆದು ಇಡುತ್ತದೆ. ಏಳುವುದು ಬೇರೆ, ತೆರೆದುಕೊಳ್ಳುವುದು ಬೇರೆ. ದೂರದಲ್ಲಿರುವವನಿಗೆ ನಿಜವಾಗಿ ಬೇಕಾದದ್ದು ಮೊದಲನೆಯದು. ಅವನು ಮಾಡಿಟ್ಟು ಹೋಗುವುದು ಎರಡನೆಯದನ್ನು. ಇವೆರಡನ್ನು ಬಿಡಿಸಿ ನೋಡಿದರೆ ನೂರಕ್ಕೆ ತೊಂಬತ್ತು ಮನೆಗಳಿಗೆ ಆಟೋ ಲಾಗಿನ್ ಬೇಡವೇ ಬೇಡ. ಲೆಕ್ಕ ಹಾಕಿ ಹೇಳಿದ ಅಂಕಿ ಅಲ್ಲ, ನಮ್ಮ ಮಾತಿನ ರೂಢಿಯ ಅಂಕಿ. ಉಳಿದ ಹತ್ತಕ್ಕೆ ಬೇಕಾದರೂ ಅದನ್ನು ಕೊಡಬೇಕಾದ ರೀತಿ ಬೇರೆ.

ಮೊದಲು ತೊಂದರೆ ಎಲ್ಲಿದೆ ಎಂದು ನೋಡೋಣ. ಬೆಂಗಳೂರಿನಲ್ಲಿ ಕೂತವನ ಪರದೆಗೂ ಸುಳ್ಯ ಕಡೆಯ ಗುತ್ತಿಗಾರಿನ ಮನೆಯ ಕಂಪ್ಯೂಟರಿಗೂ ನಡುವೆ ಇರುವುದು ಉದ್ದದ ಸರಪಳಿ. ಲೈನಿನಲ್ಲಿ ಕರೆಂಟು ಇರಬೇಕು. ಇನ್ವರ್ಟರಿನ ಬ್ಯಾಟರಿಗೆ ಜೀವ ಇರಬೇಕು. ಫೈಬರ್ ಕೇಬಲಿನ ಮೇಲೆ ಮರ ಬಿದ್ದಿರಬಾರದು. ಕೇಬಲಿನ ಆ ಕೊನೆಯಲ್ಲೂ ಕರೆಂಟು ಇರಬೇಕು. ಇದೆಲ್ಲ ಇದ್ದರೂ ಮೋಡೆಮಿನ ಪ್ಲಗ್ ಗೋಡೆಯಲ್ಲಿ ಇರಬೇಕು. ಇದು ನಗೆಮಾತಲ್ಲ. ಏಪ್ರಿಲ್, ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರಿನ ಹಿಂಗಾರಿನಲ್ಲಿ ಸಂಜೆ ಗುಡುಗು ಕೇಳಿತೆಂದರೆ ಈ ಕಡೆಯ ಮನೆಗಳಲ್ಲಿ ಮೊದಲು ನಡೆಯುವ ಕೆಲಸ ಪ್ಲಗ್ ಕಳಚುವುದು. ಸಿಡಿಲಿಗೆ ಒಮ್ಮೆ ಮೋಡೆಮ್ ಕೊಟ್ಟವರು ಎರಡನೆಯ ಸಲ ಕೊಡುವುದಿಲ್ಲ. ಕೊನೆಗೆ ಕಂಪ್ಯೂಟರಿನ ಮಾತು: ಕರೆಂಟು ಹೋಗಿ ಬಂದರೆ ತಾನಾಗಿ ಏಳು ಎಂಬ ಸೂಚನೆಯನ್ನು ಬಯೋಸ್ ಎಂಬ ಅದರ ತಳದ ಕೋಣೆಯಲ್ಲಿ ಬರೆದಿಡಬೇಕು. ಹೆಚ್ಚಿನ ಯಂತ್ರಗಳಲ್ಲಿ ಆ ಸೂಚನೆ ಬರೆದಿರುವುದಿಲ್ಲ. ಅವು ಬಟನ್ ಒತ್ತುವ ಬೆರಳಿಗೆ ಕಾದು ಕೂತಿರುತ್ತವೆ. ಇಷ್ಟು ಕೊಂಡಿಗಳಲ್ಲಿ ಎಲ್ಲಿ ತುಂಡಾದರೂ ಆಟೋ ಲಾಗಿನ್ ಏನೂ ಮಾಡಲಾರದು. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ರಸ್ತೆ ಬದಿಯಲ್ಲಿ ಮಳೆಯ ನಡುವೆ ಕೂತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದ ಹುಡುಗಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ದೇಶವೆಲ್ಲ ಓಡಾಡಿತು. ಆ ಚಿತ್ರದಲ್ಲಿ ಕಾಣುವ ಕೊರತೆ ಲಾಗಿನ್‌ನದಲ್ಲ, ಸಿಗ್ನಲ್‌ನದು. ಕೊರತೆ ಇರುವುದು ಸರಪಳಿಯ ಆ ತುದಿಯಲ್ಲಿ; ನಾವು ಸಡಿಲಿಸುವುದು ಈ ತುದಿಯನ್ನು, ಏಕೆಂದರೆ ನಮ್ಮ ಕೈಗೆ ಎಟಕುವುದು ಅದೊಂದೇ.

ಸರಪಳಿ ಎಲ್ಲ ಸರಿ ಇದ್ದು, ಕಂಪ್ಯೂಟರ್ ಎದ್ದು ಪಾಸ್‌ವರ್ಡಿನ ಮುಂದೆ ನಿಂತಿದೆ ಎಂದಿಟ್ಟುಕೊಳ್ಳಿ. ಯಾರೂ ಒಳಗೆ ಹೋಗದೆ ಇದ್ದರೆ ದೂರದಿಂದ ಸೇರಿಕೊಳ್ಳಲು ಆಗುವುದಿಲ್ಲ ಎಂಬ ನಂಬಿಕೆ ಬಲವಾಗಿದೆ. ಆ ನಂಬಿಕೆಗೆ ಒಂದು ಕಾರಣವೂ ಇದೆ. ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ತಂತ್ರಾಂಶವನ್ನು ಬಹಳ ಮಂದಿ ಇಳಿಸಿಕೊಂಡು ಹಾಗೆಯೇ ಕ್ಲಿಕ್ ಮಾಡಿ ಓಡಿಸುತ್ತಾರೆ, ಯಂತ್ರದಲ್ಲಿ ಸರಿಯಾಗಿ ಇನ್‌ಸ್ಟಾಲ್ ಮಾಡುವುದಿಲ್ಲ. ಹಾಗೆ ಓಡಿಸಿದ್ದು ಲಾಗಿನ್ ಆದವನ ಬೆನ್ನ ಮೇಲೆ ಕೂತ ಕೂಸು. ಅವನು ಒಳಗಿಲ್ಲದಿದ್ದರೆ ಅದೂ ಇಲ್ಲ. ಇನ್‌ಸ್ಟಾಲ್ ಮಾಡಿದ್ದು ಹಾಗಲ್ಲ, ಅದು ಯಂತ್ರದ ಜೊತೆಗೇ ಏಳುವ ಸರ್ವಿಸ್ ಆಗುತ್ತದೆ. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಮೊದಲಿಂದಲೂ ಹಾಗೆಯೇ. ಪಾಸ್‌ವರ್ಡ್ ಕೇಳುವ ಪರದೆ ಮೂಡುವ ಹೊತ್ತಿಗೆ ಅದು ಎದ್ದಿರುತ್ತದೆ, ದೂರದಿಂದ ಬಂದವನಿಗೆ ಅದೇ ಪರದೆಯನ್ನು ತೋರಿಸುತ್ತದೆ, ಅವನು ಅಲ್ಲಿಂದಲೇ ಪಾಸ್‌ವರ್ಡ್ ಒತ್ತಿ ಒಳಗೆ ಬರುತ್ತಾನೆ. ಬಾಗಿಲಲ್ಲಿ ನಿಂತು ಕರೆಯಲು ಬಾಗಿಲು ತೆರೆದೇ ಇರಬೇಕಾಗಿಲ್ಲ. ವೈಫೈ, ವಿಪಿಎನ್ ಕೆಲವು ಕಡೆ ಬಳಕೆದಾರನ ಹೆಸರಿಗೆ ಕಟ್ಟಿಕೊಂಡಿರುತ್ತವೆ, ನಿಜ. ಅವನ್ನು ಯಂತ್ರದ ಹೆಸರಿಗೆ ಕಟ್ಟಿದರೆ ಆಯಿತು. ಅಂದರೆ ಆಟೋ ಲಾಗಿನ್‌ಗೆ ಜನ ಕೊಡುವ ಮುಖ್ಯ ಕಾರಣವೇ ಅರ್ಧ ಮಾಡಿ ಬಿಟ್ಟ ಇನ್‌ಸ್ಟಾಲಿನ ನೆರಳು.

ಈ ವಿಷಯದಲ್ಲಿ ವಿಂಡೋಸ್ ಮಾಡಿದವರಿಗೇ ಒಂದು ವಿವೇಕ ಇತ್ತು. 2001ರಲ್ಲಿ ಬಂದ ಎಕ್ಸ್‌ಪಿಯಿಂದ ಈಚೆಗೆ, ಪಾಸ್‌ವರ್ಡೇ ಇಲ್ಲದ ಖಾತೆಗೆ ಯಂತ್ರದ ಎದುರು ಕೂತವನನ್ನು ಬಿಡುತ್ತಾರೆ, ದೂರದಿಂದ ಬಂದವನನ್ನು ಬಿಡುವುದಿಲ್ಲ. ಎದುರಿಗೆ ಕೂತವನು ಹೇಗೂ ಮನೆಯ ಹೊಸಿಲು ದಾಟಿ ಬಂದಿದ್ದಾನೆ; ದೂರದವನು ಏನನ್ನೂ ದಾಟಿಲ್ಲ. ನಮ್ಮ ಜನ ಈ ವಿವೇಕವನ್ನು ಸುತ್ತಿ ಬರುವ ದಾರಿ ಹೀಗೆ: ಮೊದಲು ಮನೆಯವರಿಗೆ ರಗಳೆ ಬೇಡವೆಂದು ಪಾಸ್‌ವರ್ಡ್ ತೆಗೆಯುತ್ತಾರೆ, ಆಗ ರಿಮೋಟ್ ಡೆಸ್ಕ್‌ಟಾಪ್ ಒಳಗೆ ಬಿಡದು, ಅದಕ್ಕಾಗಿ ಪಾಸ್‌ವರ್ಡ್ ಹಾಕುತ್ತಾರೆ, ಆಗ ಮನೆಯವರು ಬೈಯುತ್ತಾರೆ, ಅದಕ್ಕಾಗಿ ಆಟೋ ಲಾಗಿನ್ ಇಡುತ್ತಾರೆ. ಒಂದೊಂದು ಹೆಜ್ಜೆಗೂ ಅದರದ್ದೇ ನ್ಯಾಯ ಇದೆ. ಮೂರು ಹೆಜ್ಜೆ ಮುಗಿಯುವಾಗ ಮಾತ್ರ ಎದುರಿಗೂ ಬೀಗವಿಲ್ಲ, ದೂರಕ್ಕೂ ದಾರಿ ಇದೆ ಎಂಬ ಮನೆಯೊಂದು ಕಟ್ಟಿ ಆಗಿರುತ್ತದೆ.

ಆ ಪಾಸ್‌ವರ್ಡ್ ಹೋಗಿ ಕೂರುವ ಜಾಗವನ್ನೂ ನೋಡಬೇಕು. ಪ್ರತಿ ಸಲ ತಾನೇ ಒಳಗೆ ಹೋಗಬೇಕಾದ ಯಂತ್ರ ಪಾಸ್‌ವರ್ಡನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಲೇಬೇಕಲ್ಲ. ವಿಂಡೋಸ್‌ನ ರಿಜಿಸ್ಟ್ರಿ ಎಂಬ ದೊಡ್ಡ ಉಗ್ರಾಣದಲ್ಲಿ ವಿನ್‌ಲಾಗಾನ್ ಎಂಬ ಕೋಣೆ ಇದೆ. ಅಲ್ಲಿ ಆಟೋಅಡ್ಮಿನ್‌ಲಾಗಾನ್ ಎಂಬಲ್ಲಿ 1 ಎಂದು ಬರೆದು, ಕೆಳಗೆ ಬಳಕೆದಾರನ ಹೆಸರು, ಅದರ ಕೆಳಗೆ ಪಾಸ್‌ವರ್ಡ್ ಬರೆಯುವುದು ಹಳೆಯ ಕ್ರಮ. ಬರೆಯುವುದೆಂದರೆ ನಾವು ಚೀಟಿಯಲ್ಲಿ ಬರೆಯುವ ಹಾಗೆ, ಬಿಡಿಬಿಡಿಯಾಗಿ ಓದಲು ಬರುವಂತೆ. ಏರ್ಪಾಡಿನ ಹೆಸರಿನಲ್ಲೇ ಅಡ್ಮಿನ್ ಇದೆ, ಯಜಮಾನನ ಖಾತೆಗೇ ಮಾಡಿದ್ದೇನೋ ಎಂಬ ಹಾಗೆ. ಮೈಕ್ರೋಸಾಫ್ಟ್ ಹಂಚುವ ಆಟೋಲಾಗಾನ್ ಎಂಬ ಪುಟ್ಟ ಉಪಕರಣ ಪಾಸ್‌ವರ್ಡನ್ನು ಗೂಢಲಿಪಿಯಲ್ಲಿ ಇಡುತ್ತದೆ, ಅದು ಸ್ವಲ್ಪ ವಾಸಿ. ಆದರೆ ಯಜಮಾನನ ಹಕ್ಕಿರುವ ಯಾರೂ ಅದನ್ನು ಬಿಡಿಸಿ ಓದಬಹುದೆಂದು ಹಂಚುವವರೇ ಎಚ್ಚರಿಸಿದ್ದಾರೆ. ಊರ ಕಡೆ ಮನೆ ಬಿಟ್ಟು ಹೋಗುವಾಗ ಬೀಗದ ಕೈಯನ್ನು ದಾರಂದದ ಮೇಲೆ ಇಡುವ ಪದ್ಧತಿ ಇದೆಯಲ್ಲ, ಇದು ಅದೇ. ಬೀಗ ಹಾಕಿದೆ, ಕೀಯೂ ಅಲ್ಲೇ ಇದೆ.

ದಾರಂದದ ಮೇಲಿನ ಕೀಯನ್ನು ನಾನು ಗೇಲಿ ಮಾಡುತ್ತಿಲ್ಲ. ಅದು ಎಷ್ಟೋ ಕಾಲ ಚೆನ್ನಾಗಿ ನಡೆದ ಏರ್ಪಾಡು. ನಡೆದದ್ದು ಏಕೆಂದರೆ ಅಂಗಳಕ್ಕೆ ಬರುವವನ ಮುಖ ಕಾಣುತ್ತಿತ್ತು. ನಾಯಿ ಬೊಗಳುತ್ತಿತ್ತು, ಆಚೆಮನೆಯವರು ಯಾರದು ಎಂದು ಕೂಗುತ್ತಿದ್ದರು, ಬಂದವನು ತಾನು ಇಂಥವರ ಮಗ ಎಂದು ಹೇಳಲೇಬೇಕಿತ್ತು. ಕೀ ದಾರಂದದ ಮೇಲಿದ್ದರೂ ಮನೆಯ ಕಾವಲು ಅಂಗಳದಲ್ಲಿತ್ತು. ಕಂಪ್ಯೂಟರಿನ ಲೋಕದಲ್ಲೂ ಇಂಥ ಒಂದು ಹಳ್ಳಿ ಇತ್ತು. 1983ರ ಸುಮಾರಿಗೆ ಬರ್ಕ್ಲಿಯ ಯುನಿಕ್ಸ್‌ನಲ್ಲಿ, ಪರಿಚಯದ ಯಂತ್ರಗಳ ಹೆಸರನ್ನು ಒಂದು ಫೈಲಿನಲ್ಲಿ ಬರೆದಿಟ್ಟರೆ ಅಲ್ಲಿಂದ ಬಂದವರನ್ನು ಪಾಸ್‌ವರ್ಡ್ ಕೇಳದೆ ಒಳಗೆ ಬಿಡುವ ಏರ್ಪಾಡು ಬಂತು. ದೂರದ ಕಂಪ್ಯೂಟರಿಗೆ ಆಟೋ ಲಾಗಿನ್ ಎಂದರೆ ಇದೇ. ವಿಶ್ವವಿದ್ಯಾಲಯಗಳ ಜನ, ಒಬ್ಬರಿಗೊಬ್ಬರು ಗೊತ್ತಿದ್ದವರು, ಅದನ್ನು ಸಂತೋಷದಿಂದ ಬಳಸಿದರು. 1988ರ ನವೆಂಬರ್ 2ರಂದು ರಾಬರ್ಟ್ ಟಪ್ಪನ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ಹುಳು, ಅಂದರೆ ತನ್ನನ್ನೇ ನಕಲು ಮಾಡಿಕೊಳ್ಳುವ ಪ್ರೋಗ್ರಾಮು, ಜಾಲದಲ್ಲಿ ಹರಡಿತು. ಅದಕ್ಕೆ ದಾರಿಗಳು ಹಲವು ಇದ್ದವು. ಒಂದು ಈ ನಂಬಿಕೆಯ ಪಟ್ಟಿ. ಒಂದು ಯಂತ್ರ ಹೊಕ್ಕಿತು, ಆ ಯಂತ್ರವನ್ನು ನಂಬಿದ ಮನೆಗಳ ಬಾಗಿಲು ತಾವಾಗಿ ತೆರೆದುಕೊಂಡವು. ಈ ಹುಡುಗನ ತಂದೆ ರಾಬರ್ಟ್ ಮಾರಿಸ್, ಕೆನ್ ಥಾಂಪ್ಸನ್ ಜೊತೆ ಸೇರಿ 1979ರಲ್ಲೇ ಪಾಸ್‌ವರ್ಡುಗಳ ಭದ್ರತೆಯ ಬಗ್ಗೆ ಹೆಸರಾಂತ ಪ್ರಬಂಧ ಬರೆದವರು. ಅಪ್ಪ ಬೀಗ ಮಾಡಿದ ಮನೆಯಲ್ಲಿ ಮಗ ದಾರಂದ ತಡವಿ ನೋಡಿದ.

ಆಮೇಲೆ ಬಂದ ಉತ್ತರ ನನ್ನ ವಾದಕ್ಕೆ ಹೆಚ್ಚು ಉಪಯೋಗದ್ದು. 1995ರಲ್ಲಿ ಫಿನ್ಲೆಂಡಿನ ಟಾಟು ಯುಲೋನೆನ್ ಎಸ್‌ಎಸ್‌ಎಚ್ ಎಂಬ ತಂತ್ರಾಂಶ ಬರೆದರು. ಅದರಲ್ಲೂ ಪಾಸ್‌ವರ್ಡ್ ಒತ್ತದೆ ದೂರದ ಯಂತ್ರದೊಳಗೆ ಹೋಗಬಹುದು. ಆದರೆ ಕೀ ಇರುವುದು ಹೋಗುವವನ ಬಳಿ. ಬಾಗಿಲಲ್ಲಿ ಇರುವುದು ಆ ಕೀಗೆ ಹೊಂದುವ ಬೀಗ ಮಾತ್ರ. ಬಾಗಿಲನ್ನೇ ಕಿತ್ತುಕೊಂಡು ಹೋದರೂ ಅದರಿಂದ ಕೀ ಮಾಡಲು ಬರುವುದಿಲ್ಲ. ಅಂದರೆ ಆರಾಮವೂ ಭದ್ರತೆಯೂ ಒಟ್ಟಿಗೆ ಇರಲಾರವು ಎಂಬುದು ಸುಳ್ಳು. ಬೀಗದ ಕೈ ಯಾರ ಬಳಿ ಇರಬೇಕೆಂಬುದು ಪ್ರಶ್ನೆ. ಮನೆಯ ಮಗ ಬೆಂಗಳೂರಿಗೆ ಹೋಗುವಾಗ ಕೀಯನ್ನು ಕಿಸೆಯಲ್ಲಿಟ್ಟುಕೊಂಡು ಹೋದರೆ ಅದು ಎಸ್‌ಎಸ್‌ಎಚ್. ತನಗೆ ಬಂದಾಗ ಬೇಕಾಗುತ್ತದೆಂದು ದಾರಂದದ ಮೇಲಿಟ್ಟು ಹೋದರೆ ಅದು ಆಟೋ ಲಾಗಿನ್.

ಬೀಗಕ್ಕೆ ಕಳ್ಳನನ್ನು ತಡೆಯುವುದಲ್ಲದೆ ಇನ್ನೊಂದು ಕೆಲಸವೂ ಇದೆ: ಬಂದವರು ಯಾರೆಂದು ಬರೆದಿಟ್ಟುಕೊಳ್ಳುವುದು. ಇದನ್ನು ಕರ್ನಾಟಕದ ರೈತರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಎರಡು ಸಾವಿರದ ಇಸವಿಯ ಹೊತ್ತಿಗೆ ರಾಜೀವ್ ಚಾವ್ಲಾ ಅವರ ಮುಂದಾಳತನದಲ್ಲಿ ಭೂಮಿ ಯೋಜನೆ ಬಂದು, ಪಹಣಿಗಳು ಗ್ರಾಮಲೆಕ್ಕಿಗರ ಕಂತೆಯಿಂದ ತಾಲೂಕು ಕಚೇರಿಯ ಕಂಪ್ಯೂಟರಿಗೆ ಹೋದವು. ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರು. ಆ ಯಂತ್ರಗಳಲ್ಲಿ ಹಕ್ಕು ಬದಲಾವಣೆ ಮಾಡಬೇಕಾದ ಸಿಬ್ಬಂದಿಗೆ ಪಾಸ್‌ವರ್ಡ್ ಸಾಕೆಂದು ಬಿಡಲಿಲ್ಲ, ಬೆರಳಚ್ಚು ಇಟ್ಟರು. ಪಾಸ್‌ವರ್ಡ್ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ, ಆಮೇಲೆ ಇದು ನಾನು ಮಾಡಿದ್ದಲ್ಲ ಎನ್ನಬಹುದು, ಬೆರಳು ದಾಟುವುದಿಲ್ಲ. ಎರಡು ಸೆಂಟ್ಸ್ ಜಾಗಕ್ಕೆ ಮೂರು ತಲೆಮಾರು ಕೋರ್ಟಿಗೆ ಅಲೆಯುವ ಊರುಗಳಲ್ಲಿ ಯಾರು, ಯಾವಾಗ, ಏನು ತಿದ್ದಿದರು ಎಂಬುದರ ಬೆಲೆ ಎಲ್ಲರಿಗೂ ಗೊತ್ತು. ಆಟೋ ಲಾಗಿನ್ ಆದ ಯಂತ್ರದಲ್ಲಿ ಈ ಲೆಕ್ಕವೇ ಅಳಿಸಿಹೋಗುತ್ತದೆ. ಅಲ್ಲಿ ಯಾರು ಏನು ಮಾಡಿದರೂ ಮಾಡಿದ್ದು ಯಜಮಾನ.

ಇಷ್ಟಾದ ಮೇಲೆ, ಹಾಗಾದರೆ ಕರೆಂಟು ಬಂದ ಕೂಡಲೇ ಕೆಲಸ ಶುರುವಾಗುವುದು ಹೇಗೆ ಎಂದು ಕೇಳುವುದು ನ್ಯಾಯವೇ. ಉತ್ತರ ಹತ್ತಿರದ ಗ್ರಾಮ ಪಂಚಾಯತಿನಲ್ಲೇ ಇದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ಗ್ರಾಮ ಪಂಚಾಯತಿಗೊಂದರಂತೆ ಇಟ್ಟಿದೆ. ಸೋಲಾರ್ ಹಲಗೆ, ಬ್ಯಾಟರಿ, ಒಂದು ಸಿಮ್. ಹದಿನೈದು ನಿಮಿಷಕ್ಕೊಮ್ಮೆ ಎಷ್ಟು ಮಳೆ ಬಂತೆಂದು ಬೆಂಗಳೂರಿಗೆ ಹೇಳುತ್ತದೆ. ಅದರ ಮುಂದೆ ಯಾರೂ ಕೂರುವುದಿಲ್ಲ, ಅದಕ್ಕಾಗಿ ಯಾರೂ ದಿನಾ ಲಾಗಿನ್ ಆಗುವುದಿಲ್ಲ. ತನಗೆ ಒಪ್ಪಿಸಿದ ಒಂದು ಕೆಲಸವನ್ನು ಒಳಗಿಂದಲೇ ಮಾಡುತ್ತದೆ. ಮನೆಯ ಕಂಪ್ಯೂಟರಿಗೂ ಈ ಗುಣ ಕಲಿಸಲು ಬರುತ್ತದೆ. ವಿಂಡೋಸ್‌ನಲ್ಲಿ ಒಂದು ಕೆಲಸವನ್ನು ಸರ್ವಿಸ್ ಆಗಿ ಇಡಬಹುದು, ಇಲ್ಲವೇ ಟಾಸ್ಕ್ ಶೆಡ್ಯೂಲರಿನಲ್ಲಿ, ಬಳಕೆದಾರ ಒಳಗಿದ್ದರೂ ಇಲ್ಲದಿದ್ದರೂ ಇದನ್ನು ಓಡಿಸು ಎಂದು ಗುರುತು ಹಾಕಬಹುದು. ಲಿನಕ್ಸ್‌ನಲ್ಲಿ ಸಿಸ್ಟಮ್‌ಡಿಗೆ ಇದೇ ಮಾತು ಹೇಳಬಹುದು. ಆಗ ಪರದೆ ಪಾಸ್‌ವರ್ಡ್ ಕೇಳುತ್ತ ನಿಂತಿರುವಾಗಲೇ ಹಿಂದೆ ಸಿಸಿಟಿವಿಯ ಚಿತ್ರ ದಾಖಲಾಗುತ್ತಿರುತ್ತದೆ, ಫೈಲುಗಳ ನಕಲು ಆಗುತ್ತಿರುತ್ತದೆ. ಶೆಡ್ಡಿಗೆ ಬೀಗ, ಒಳಗೆ ಮೋಟಾರು.

ನಮ್ಮ ಹಳ್ಳಿ ಮನೆಗೆ ಕಂಪ್ಯೂಟರ್ ಕದಿಯಲು ಯಾರು ಬರುತ್ತಾರೆ ಎಂಬುದು ಮೊದಲ ಆಕ್ಷೇಪ. ಅಂಗಳದಲ್ಲಿ ಒಣಗುವ ಅಡಿಕೆಗೆ ಕಳ್ಳರು ಬರುವಾಗ ಹಳೆಯ ಕಂಪ್ಯೂಟರ್ ಯಾರಿಗೆ ಬೇಕು ಎಂದು ನಗಬಹುದು. ಆದರೆ ಯಂತ್ರ ಮನೆ ಬಿಟ್ಟು ಹೋಗುವುದು ಕಳ್ಳನ ಜೊತೆಗೇ ಆಗಬೇಕೆಂದಿಲ್ಲ. ರಿಪೇರಿಗೆ ಹೋಗುತ್ತದೆ, ಹೊಸದು ಬಂದಾಗ ನೆಂಟರ ಮಗುವಿಗೆ ಹೋಗುತ್ತದೆ, ಕೊನೆಗೆ ಗುಜರಿಗೆ ಹೋಗುತ್ತದೆ. ಎಲ್ಲಿ ಹೋಗಿ ಪ್ಲಗ್ ಹಾಕಿದರೂ ಅದು ನೇರ ಒಳಗೆ ಹೋಗಿ, ಅಪ್ಪನ ಇಮೇಲನ್ನೂ ಬ್ರೌಸರ್ ನೆನಪಿಟ್ಟ ಬ್ಯಾಂಕಿನ ಪಾಸ್‌ವರ್ಡನ್ನೂ ತೆರೆದು ಕೂರುತ್ತದೆ. ಡಿಸ್ಕನ್ನು ಗೂಢಲಿಪಿಯಲ್ಲಿ ಮುಚ್ಚಿದ್ದೇವೆ ಎನ್ನುವವರೂ ಇದನ್ನು ಯೋಚಿಸಬೇಕು. ಡಿಸ್ಕನ್ನು ಕಳಚಿ ಒಯ್ದವನಿಗೆ ಅದು ಅಡ್ಡಿ. ಸಾಮಾನ್ಯವಾಗಿ ಮನೆಗಳಲ್ಲಿರುವ ಹಾಗೆ ಯಂತ್ರವೇ ಡಿಸ್ಕಿನ ಕೀಯನ್ನು ತನ್ನೊಳಗೆ ಇಟ್ಟುಕೊಂಡಿದ್ದರೆ, ಇಡೀ ಪೆಟ್ಟಿಗೆ ಒಯ್ದವನಿಗೆ ಯಂತ್ರವೇ ಡಿಸ್ಕನ್ನೂ ತೆರೆದು ಲಾಗಿನ್ನನ್ನೂ ಮಾಡಿಕೊಡುತ್ತದೆ. ದೂರದಿಂದ ಬರುವ ಕಳ್ಳನಿಗಂತೂ ನಿಮ್ಮ ಮನೆ ಹಳ್ಳಿಯಲ್ಲಿದೆಯೋ ಎಂ.ಜಿ. ರಸ್ತೆಯಲ್ಲಿದೆಯೋ ಗೊತ್ತೇ ಇರುವುದಿಲ್ಲ. ಅವನು ಕದಗಳ ಸಾಲಿನಲ್ಲಿ ಒಂದೊಂದನ್ನೇ ತಟ್ಟುತ್ತ ಬರುತ್ತಾನೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ವಯಸ್ಸಾದ ತಂದೆತಾಯಿಗೆ ಪಾಸ್‌ವರ್ಡ್ ನೆನಪಿರುವುದಿಲ್ಲ, ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿರುತ್ತಾರೆ. ಅದಕ್ಕಿಂತ ಆಟೋ ಲಾಗಿನ್ ಏನು ಕೆಡುಕು? ಒಪ್ಪುತ್ತೇನೆ, ಹೆಚ್ಚಿನ ಕೆಡುಕಲ್ಲ. ಒಂದು ವ್ಯತ್ಯಾಸ ಮಾತ್ರ ಇದೆ: ಚೀಟಿ ಕಣ್ಣಿಗೆ ಬೀಳುತ್ತದೆ. ಯಂತ್ರ ರಿಪೇರಿಗೆ ಹೋಗುವಾಗ ಅದನ್ನು ಕಿತ್ತು ಹಾಕಬೇಕೆಂದು ಯಾರಿಗಾದರೂ ತೋಚುತ್ತದೆ. ರಿಜಿಸ್ಟ್ರಿಯಲ್ಲಿ ಬರೆದದ್ದು ಮಾಡಿದವನಿಗೇ ಮರೆತುಹೋಗುತ್ತದೆ. ಹಿರಿಯರಿಗೆ ನಿಜವಾಗಿ ಅನುಕೂಲ ಮಾಡಬೇಕಾದರೆ ನಾಲ್ಕಂಕಿಯ ಪಿನ್ ಇದೆ, ಬೆರಳಚ್ಚಿನ ಅಗ್ಗದ ಉಪಕರಣ ಇದೆ. ಪಿನ್ ಆ ಒಂದು ಯಂತ್ರಕ್ಕಷ್ಟೇ ಸಲ್ಲುತ್ತದೆ. ಗೊತ್ತಾದರೂ ಬೇರೆ ಯಂತ್ರದಿಂದ ಆ ಖಾತೆಗೆ ಹೋಗಲು ಅದರಿಂದ ಉಪಯೋಗವಿಲ್ಲ. ಅಷ್ಟೂ ರಗಳೆ ಎನ್ನುವವರು, ದೂರದಿಂದ ಯಾರೂ ಕೈ ಹಾಕದ, ಅಂಗಳಕ್ಕೆ ಮುಖ ಮಾಡಿದ ಚಾವಡಿಯ ಕಂಪ್ಯೂಟರಿಗೆ ಆಟೋ ಲಾಗಿನ್ ಇಟ್ಟರೆ ನನ್ನ ತಕರಾರು ದೊಡ್ಡದಲ್ಲ. ಅದು ದಾರಂದದ ಕೀಯೇ ಆದರೂ ಅಂಗಳದ ಕಾವಲು ಇದೆ. ತಕರಾರು ಇರುವುದು ರಿಮೋಟ್ ಪ್ರವೇಶ, ಆಟೋ ಲಾಗಿನ್ ಎರಡೂ ಒಂದೇ ಯಂತ್ರದಲ್ಲಿ ಸೇರಿದಾಗ. ಈ ಎಚ್ಚರ ಇಲ್ಲಿಯವರಿಗೆ ಹೊಸದಲ್ಲ: 1909ರಷ್ಟು ಹಿಂದೆಯೇ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರಿ ಬ್ಯಾಂಕಿಗೆ ಅಡಿಗಲ್ಲಿಟ್ಟ ನಾಡಿದು. ಇಲ್ಲಿಯ ಸಹಕಾರಿ ಸಂಘಗಳಿಗೆ ಹೋಗಿಬರುವವರಿಗೆ ಸೇಫಿನ ಎರಡು ಕೀ ಇಬ್ಬರ ಬಳಿ ಇರುವ ಕ್ರಮ ಗೊತ್ತು. ಅದು ಯಾರ ಮೇಲಿನ ಅಪನಂಬಿಕೆಯೂ ಅಲ್ಲ. ಒಬ್ಬರ ಮರೆವು ಇಡೀ ಊರಿನ ನಷ್ಟ ಆಗಬಾರದೆಂಬ ಲೆಕ್ಕ. ರಿಮೋಟ್ ಪ್ರವೇಶ ಒಂದು ಕೀ, ಲಾಗಿನ್ ಇನ್ನೊಂದು. ಒಂದನ್ನು ದೂರದವನಿಗೆ ಕೊಟ್ಟ ಮೇಲೆ ಎರಡನೆಯದನ್ನು ಬಾಗಿಲಲ್ಲೇ ಬಿಡಬಾರದು.

ಮೂರನೆಯ ಆಕ್ಷೇಪಕ್ಕೆ ನಾನು ಪೂರ್ತಿ ತಲೆಬಾಗುತ್ತೇನೆ. ಕೆಲವು ತಂತ್ರಾಂಶಗಳು ಸರ್ವಿಸ್ ಆಗಲು ಒಪ್ಪುವುದೇ ಇಲ್ಲ. ಅವುಗಳಿಗೆ ತೆರೆದ ಪರದೆ ಬೇಕು. ಸಿಸಿಟಿವಿಯ ಹಳೆಯ ಪ್ರೋಗ್ರಾಮು, ತೂಕದ ಯಂತ್ರಕ್ಕೆ ಜೋಡಿಸಿದ ಬಿಲ್ಲಿಂಗ್, ಬಸ್‌ಸ್ಟ್ಯಾಂಡಿನಲ್ಲಿ ಸಮಯ ತೋರಿಸುವ ದೊಡ್ಡ ಪರದೆ ಇಂಥವು. ಇವಕ್ಕೆ ಆಟೋ ಲಾಗಿನ್ ಬೇಕೇ ಬೇಕು. ಆಗ ಕೇಳಬೇಕಾದ್ದು ಯಾರ ಹೆಸರಿನಲ್ಲಿ ಎಂದು. ತೋಟದ ಕೆಲಸಕ್ಕೆ ಬರುವ ಆಳಿಗೆ ಪಂಪ್ ಶೆಡ್ಡಿನ ಬೀಗದ ಕೈ ಕೊಡುತ್ತೇವೆ. ಅದೇ ಗೊಂಚಲಿನಲ್ಲಿ ಮನೆಯ ಕೀ, ಕಪಾಟಿನ ಕೀ ಪೋಣಿಸಿ ಕೊಡುವುದಿಲ್ಲ. ಆ ಒಂದು ಕೆಲಸಕ್ಕೆಂದೇ ಒಂದು ಬಡ ಖಾತೆ ಮಾಡಬೇಕು. ಅದಕ್ಕೆ ಅಡ್ಮಿನ್ ಹಕ್ಕು ಇಲ್ಲ, ಇಮೇಲ್ ಇಲ್ಲ, ಬೇರೆಲ್ಲೂ ಬಳಸದ ಪಾಸ್‌ವರ್ಡ್, ರಿಮೋಟಿನಿಂದ ಆ ಹೆಸರಿನಲ್ಲಿ ಬರಲು ಅನುಮತಿಯೂ ಇಲ್ಲ. ಆಟೋ ಲಾಗಿನ್ ಆ ಖಾತೆಗೆ. ಬರೀ ಓಡುತ್ತಿದ್ದರೆ ಸಾಕು, ಯಾರೂ ನೋಡಬೇಕಾಗಿಲ್ಲ ಎಂಬ ಪ್ರೋಗ್ರಾಮಾದರೆ, ಲಾಗಿನ್ ಆದ ಮರುಕ್ಷಣ ಪರದೆಗೆ ತಾನಾಗಿ ಬೀಗ ಬೀಳುವ ಹಾಗೆ ಒಂದು ಸಾಲಿನ ಆಜ್ಞೆಯನ್ನು ಆರಂಭದ ಪಟ್ಟಿಯಲ್ಲಿ ಇಡಬಹುದು. ಪ್ರೋಗ್ರಾಮು ಬೀಗದ ಹಿಂದೆಯೂ ಓಡುತ್ತಿರುತ್ತದೆ. ದೂರದಿಂದ ಬರುವ ಯಜಮಾನ ತನ್ನ ಖಾತೆಗೆ ತನ್ನ ಪಾಸ್‌ವರ್ಡ್ ಒತ್ತಿಯೇ ಬರಲಿ. ಗ್ನೋಮ್ ಪರದೆಯ ಲಿನಕ್ಸ್‌ನಲ್ಲಿ ಈ ಭೇದ ಹುಟ್ಟಿನಿಂದಲೇ ಸ್ವಲ್ಪ ಇದೆ. ಅಲ್ಲಿ ಆಟೋ ಲಾಗಿನ್ ಆದರೂ, ಯಾರೂ ಪಾಸ್‌ವರ್ಡ್ ಒತ್ತಿಲ್ಲವಾದ್ದರಿಂದ, ಉಳಿದ ಪಾಸ್‌ವರ್ಡುಗಳನ್ನು ಇಟ್ಟ ಕೀಗೊಂಚಲು ತೆರೆಯುವುದಿಲ್ಲ. ಜಗಲಿಯವರೆಗೆ ಬಿಡುತ್ತದೆ, ದೇವರ ಕೋಣೆಗೆ ಬಿಡುವುದಿಲ್ಲ. ಜನ ಅದನ್ನು ದೋಷವೆಂದು ತಿಳಿದು ಆ ಗೊಂಚಲಿನ ಪಾಸ್‌ವರ್ಡನ್ನೂ ತೆಗೆದುಹಾಕುತ್ತಾರೆ.

ಮತ್ತೆ ಆಟೋ ಸ್ಟಾರ್ಟರಿಗೇ ಬರುತ್ತೇನೆ, ಏಕೆಂದರೆ ಅದರ ಕಥೆ ಕರೆಂಟು ಸರಿಯಾದಲ್ಲಿಗೆ ಮುಗಿಯಲಿಲ್ಲ. ತೆಲಂಗಾಣದಲ್ಲಿ 2018ರ ಜನವರಿ 1ರಿಂದ ಕೃಷಿಗೆ 24 ತಾಸೂ ಕರೆಂಟು ಕೊಡಲು ತೊಡಗಿದಾಗ, ಅಲ್ಲಿಯ ಸರಕಾರ ರೈತರನ್ನು ಬೇಡಿಕೊಂಡದ್ದು ಒಂದೇ: ಆಟೋ ಸ್ಟಾರ್ಟರ್ ಕಳಚಿ. ಕರೆಂಟು ಬಂದು ಹೋಗುತ್ತಿದ್ದಾಗ ರೈತನನ್ನು ಕಾಪಾಡಿದ ಯಂತ್ರ, ಕರೆಂಟು ಬಂದು ನಿಂತ ಮೇಲೆ ಹಗಲೂ ರಾತ್ರಿ ನೀರೆತ್ತಿ ಕೊಳವೆಬಾವಿ ಬತ್ತಿಸುವ ಯಂತ್ರವಾಯಿತು. ಕೊರತೆಯ ಕಾಲಕ್ಕೆ ಮಾಡಿಕೊಂಡ ಉಪಾಯ ಕೊರತೆ ತೀರಿದ ಮೇಲೂ ಗೋಡೆಯಲ್ಲಿ ಉಳಿದಿತ್ತು. ಮುಂದೆ ಒಂದು ದಿನ ಸುಳ್ಯಕ್ಕೆ 110 ಕೆವಿ ಬರಬಹುದು, ಕಡಬದ ಮನೆಗೂ ನಿಲ್ಲದ ಕರೆಂಟು, ಕಡಿಯದ ಫೈಬರ್ ಬರಬಹುದು. ಅಂದು ಪಂಪ್ ಶೆಡ್ಡಿನ ಗೋಡೆಯ ಆಟೋ ಸ್ಟಾರ್ಟರ್ ಕಣ್ಣಿಗೆ ಬೀಳುತ್ತದೆ, ಬೇಡವಾದರೆ ಕಳಚಬಹುದು. ಕಂಪ್ಯೂಟರಿನೊಳಗೆ 1 ಎಂದು ಬರೆದಿಟ್ಟದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಇಡಲೇಬೇಕಾದವರು ಇಷ್ಟಾದರೂ ಮಾಡಲಿ: ಕೊಟ್ಟದ್ದು ಯಾವ ಖಾತೆಗೆ, ಯಾವ ಕೆಲಸಕ್ಕೆ ಎಂದು ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರಿನ ಬೆನ್ನಿಗೆ ಅಂಟಿಸಲಿ, ಪಾಸ್‌ವರ್ಡನ್ನಲ್ಲ. ಮುಂದೊಂದು ದಿನ ಆ ಪೆಟ್ಟಿಗೆಯನ್ನು ರಿಪೇರಿಗೆ ಎತ್ತಿಕೊಂಡು ಹೋಗುವವರು ಅದನ್ನು ಓದಿಯಾದರೂ ಮೊದಲು ಬಾಗಿಲು ಹಾಕಿಕೊಂಡು ಹೊರಡುತ್ತಾರೆ.